ಇನ್ನೊಂದು ಕಾಪಿ ಎಲ್ಲೈತ್ರಿ?

ಕಂಪ್ಯೂಟರ್ ಕೆಟ್ಟ ಕಥೆಗಳು ಎಲ್ಲರ ಬಳಿಯೂ ಇರುತ್ತವೆ. ನನ್ನ ಬಳಿ ಇರುವುದು ಕಂಪ್ಯೂಟರನ್ನು ಕಾಪಾಡಲು ಹೋಗಿ ಕೆಡಿಸಿದ ಕಥೆಗಳು, ಮತ್ತು ಅವು ವರ್ಷ ವರ್ಷ ಕೂಡುತ್ತಲೇ ಇವೆ. ವಿಜಯಪುರದಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಸುತ್ತಲಿನ ಸಣ್ಣ ವ್ಯಾಪಾರಸ್ಥರಿಗೆ ಕಡಿಮೆ ಖರ್ಚಿನಲ್ಲಿ ಬ್ಯಾಕಪ್ ವ್ಯವಸ್ಥೆ ಮಾಡಿಕೊಡುವುದು ನನ್ನ ಹೊಟ್ಟೆಪಾಡು.

ಯಾರ ಅಂಗಡಿಗೆ ಹೋದರೂ ನಾನು ಮೊದಲು ಕೇಳುವುದು ಒಂದೇ ಮಾತು: "ಇನ್ನೊಂದು ಕಾಪಿ ಎಲ್ಲೈತ್ರಿ?" ಬಬಲೇಶ್ವರದ ಪೈಪಿನ ಅಂಗಡಿಯವರು "ಐತಲ್ರಿ" ಎಂದು ಹೆಮ್ಮೆಯಿಂದ ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಫೋಲ್ಡರ್ ತೆರೆದು ತೋರಿಸಿದ್ದರು. ನೆಲದಡಿಯ ಒಂದೇ ಹಗೇವಿನೊಳಗೆ ಅರ್ಧ ಜೋಳ ಆಚೆ, ಅರ್ಧ ಈಚೆ ಸುರಿದು ಎರಡು ಕಡೆ ಇಟ್ಟಿದ್ದೇನೆ ಅಂದ ಹಾಗೆ. ಆದರೂ ಅವರೇ ವಾಸಿ. ನನ್ನ ತಲೆ ತಿಂದವರು ತಿಕೋಟಾದ ಸಾವ್ಕಾರ್ರು.

೧. ಎರಡು ಡಿಸ್ಕು

ಸಾವ್ಕಾರ್ರದು ಮಣೂಕ, ಅಂದರೆ ಒಣದ್ರಾಕ್ಷಿ, ಇಡುವ ಕೋಲ್ಡ್ ಸ್ಟೋರೇಜು. ಘೋಣಸಗಿ ಕಡೆಯ ರೈತರು ಬೇಸಿಗೆಯಲ್ಲಿ ಪೆಟ್ಟಿಗೆ ತಂದಿಟ್ಟು, ದೀಪಾವಳಿ ಹತ್ತಿರ ಬಂದಾಗ ಒಯ್ಯುತ್ತಾರೆ. ಪೆಟ್ಟಿಗೆಗಳೆಲ್ಲ ಒಂದೇ ಥರ, ಮೇಲೊಂದು ನಂಬರು ಮಾತ್ರ. ಯಾವ ನಂಬರು ಯಾರದು, ಯಾವ ಕೋಣೆಯಲ್ಲಿದೆ ಎಂಬುದೆಲ್ಲ ಆಫೀಸಿನ ಒಂದು ಹಳೆಯ ಕಂಪ್ಯೂಟರಿನಲ್ಲಿ. ಅದೇ ಅವರ ಸರ್ವರ್. ರೈತರ ಬಳಿ ಚೀಟಿ ಇರಬೇಕಲ್ಲ ಅನ್ನಬೇಡಿ. ಆ ಚೀಟಿಗಳು ಅಂಗಿಯ ಕಿಸೆಯಲ್ಲೇ ಉಳಿದು, ಅಂಗಿಯ ಜೊತೆಗೇ ಒಗೆಸಿಕೊಂಡಿರುತ್ತವೆ.

"ರೈತರು ನನ್ನ ನಂಬಿ ಇಟ್ಟಾರ್ರಿ. ಒಬ್ಬರ ಪೆಟ್ಟಿಗಿ ಇನ್ನೊಬ್ಬರಿಗೆ ಹ್ವಾದ್ರ ನಾ ಊರಾಗ ಮಾರಿ ಎತ್ತಿ ಅಡ್ಡ್ಯಾಡಂಗಿಲ್ಲ," ಎಂದರು ಸಾವ್ಕಾರ್ರು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಅಂಗೈಯಗಲದ ಎರಡು ಹಾರ್ಡ್‌ಡಿಸ್ಕ್ ತರಿಸಿದೆ, ತಾನೇ ನಕಲು ಮಾಡಿಕೊಳ್ಳುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿದೆ. ಒಂದು ಡಿಸ್ಕ್ ಇಲ್ಲೇ ಇರಲಿ, ಇನ್ನೊಂದು ಬೇರೆ ಊರಲ್ಲಿ ಇರಲಿ, ವಾರಕ್ಕೊಮ್ಮೆ ಅದಲು ಬದಲು ಮಾಡಿ ಎಂದು ಹೇಳಿದೆ.

"ಬ್ಯಾರೆ ಊರು ಯಾಕ್ರಿ?"

"ಇಲ್ಲಿ ಬೆಂಕಿ ಬಿದ್ರ ಅದೊಂದರೆ ಉಳೀಲಿ ಅಂತ್ರಿ."

ಕಂಪ್ಯೂಟರಿನ ಮುಂದೆ ಕೂರುವ ದಿವಾನಜಿ, ವಯಸ್ಸಾದ ಗುಮಾಸ್ತರು, ತಕ್ಷಣ ಎದ್ದು ಹೋಗಿ ಒಂದು ನಿಂಬೆಹಣ್ಣು ತಂದರು. ಕಂಪ್ಯೂಟರಿಗೆ ದೃಷ್ಟಿ ಇಳಿಸುತ್ತಾರೆ ಅಂದುಕೊಂಡೆ. ಬೆಂಕಿಯ ಮಾತಾಡಿದ ನನಗೇ ಇಳಿಸಿ ಒಗೆದರು.

೨. ಸೋಮವಾರದ ಸೂಟಿ

ಸೋಮವಾರ ಕೆಲಸ ಕಡಿಮೆ ಎಂದು ದಿವಾನಜಿ ಹೇಳಿದ್ದರಿಂದ, ಪ್ರತಿ ಸೋಮವಾರ ಮಧ್ಯಾಹ್ನ ತಾನಾಗಿ ನಕಲು ಆಗುವಂತೆ ಹಚ್ಚಿ ಬಂದಿದ್ದೆ. ತಿಂಗಳ ಮೇಲೆ ಹೋಗಿ ನೋಡಿದರೆ ಡಿಸ್ಕಿನಲ್ಲಿ ಏನೂ ಇಲ್ಲ. ಅರ್ಧ ದಿನ ತಡಕಾಡಿ, ಕೊನೆಗೆ ಕೇಳಿದೆ: "ಸೋಮವಾರ ಕಂಪ್ಯೂಟರ್ ಚಾಲೂ ಇರತೈತೇನ್ರಿ?"

ಸಾವ್ಕಾರ್ರು ನನ್ನನ್ನು ವಿಚಿತ್ರವಾಗಿ ನೋಡಿದರು. "ಸೋಮವಾರ ಹೆಂಗ್ ಚಾಲೂ ಮಾಡೂದ್ರಿ? ನಮ್ಮ ಮುತ್ಯಾನ ಕಾಲದಿಂದ ಸೋಮವಾರ ನಮ್ಮ ಮನ್ಯಾಗ ಎತ್ತು ಹೂಡಂಗಿಲ್ಲ."

"ಇದು ಎತ್ತಲ್ರೀ ಸಾವ್ಕಾರ್ರ."

"ದುಡೀತೈತಿಲ್ಲೋ ಮತ್ತ? ದುಡಿಯೂ ಜೀವಕ್ಕ ವಾರಕ್ಕೊಂದಿನ ವಿಶ್ರಾಂತಿ ಬೇಕ್ರಿ."

ವಾದ ಮಾಡಿ ಉಪಯೋಗವಿರಲಿಲ್ಲ. ನಕಲಿನ ದಿನವನ್ನು ಮಂಗಳವಾರಕ್ಕೆ ಬದಲಿಸಿದೆ. ಎರಡೂ ಡಿಸ್ಕಿಗೆ ನನ್ನ ಕೈಯಾರೆ ಒಂದೊಂದು ನಕಲು ತುಂಬಿಸಿದೆ. ಹೊರಡುವಾಗ ಗೇಟಿನವರೆಗೂ ಬಂದ ದಿವಾನಜಿ ಮೆಲ್ಲಗೆ ಹೇಳಿದರು: "ನನಗ ಸೋಮವಾರನೂ ಸೂಟಿ ಇಲ್ರಿ ಸರ. ಅವತ್ತು ಕೈಲೆ ಬರೀತೇನಿ."

೩. ಖಂಡೆ ಪೂಜೆ

ದಸರೆಯಲ್ಲಿ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಮರುದಿನವೇ ಫೋನು ಬಂತು. ಕಂಪ್ಯೂಟರ್ ಏಳುತ್ತಿಲ್ಲವಂತೆ. ಹೋಗಿ ನೋಡಿದರೆ ಅದನ್ನು ಮದುಮಗನ ಹಾಗೆ ಸಿಂಗರಿಸಿದ್ದರು. ಚೆಂಡುಹೂವಿನ ಹಾರ, ವಿಭೂತಿ, ಕುಂಕುಮ ಎಲ್ಲ ಇತ್ತು. ಮುಚ್ಚಳ ತೆಗೆದರೆ ಒಳಗೆಲ್ಲ ಅಂಟು, ಅದರೊಳಗಿನ ಡಿಸ್ಕೂ ಕೆಟ್ಟಿತ್ತು.

"ಕಾಯಿ ಇದರ ಮ್ಯಾಲ ಒಡೆದ್ರೇನ್ರಿ?" ಎಂದೆ. ಸಿಟ್ಟು ನೆತ್ತಿಗೇರಿತ್ತು.

ಸಾವ್ಕಾರ್ರಿಗೆ ಬೇಜಾರಾಯಿತು. "ಅಷ್ಟೂ ತಿಳಿಯಂಗಿಲ್ಲೇನ್ರಿ ನಮಗ? ಕಾಯಿ ಕಲ್ಲಿಗೇ ಒಡೆದೇವಿ. ನೀರಷ್ಟ ಇದಕ್ಕ ಬಿಟ್ಟೇವಿ."

೪. ಕೆಡದ ಜಾಗ

ದೀಪಾವಳಿಗೆ ಮೂರು ವಾರ. ಪೆಟ್ಟಿಗೆ ಒಯ್ಯಲು ಆಗಲೇ ಇಬ್ಬರು ರೈತರು ಗಾಡಿ ತಂದು ಗೇಟಿನಲ್ಲಿ ನಿಲ್ಲಿಸಿದ್ದರು. ಸಾವ್ಕಾರ್ರ ಮುಖ ಬಾಡಿತ್ತು. ಅಂಜಬೇಡಿ, ಇಲ್ಲಿಯ ಡಿಸ್ಕ್ ತನ್ನಿ ಎಂದೆ. ಅವರು ಸ್ವೆಟರ್ ಹಾಕಿಕೊಂಡು ಎರಡನೇ ಕೋಣೆಯೊಳಗೆ ಹೋದರು. ದ್ರಾಕ್ಷಿ ಪೆಟ್ಟಿಗೆಗಳ ನಡುವಿನಿಂದ ಡಿಸ್ಕ್ ತೆಗೆದುಕೊಂಡು ಬಂದರು.

"ಇದನ್ನ ಅಲ್ಲಿ ಯಾಕ ಇಟ್ರಿ?"

"ಮಣೂಕ ವರ್ಷಗಟ್ಟಲೆ ಕೆಡಂಗಿಲ್ಲ ಅಲ್ಲಿ. ಇದು ಹೆಂಗ್ ಕೆಟ್ಟೀತ್ರಿ?"

ಪ್ರತಿ ಮಂಗಳವಾರ ಅದನ್ನು ಹೊರಗೆ ತಂದು, ದ್ರಾಕ್ಷಿ ಒಣಗಿಸಿದಂತೆ ನೆರಳಲ್ಲಿ ಒಣಗಿಸಿ, ಆಮೇಲೆ ಹಚ್ಚುತ್ತಿದ್ದೇನೆ ಎಂದರು ದಿವಾನಜಿ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಸಾವ್ಕಾರ್ರು ಅವಸರಕ್ಕೆ, ಬೆವರುತ್ತಿದ್ದ ಆ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿಯೇ ಬಿಟ್ಟರು. ಅದರ ದೀಪ ಒಮ್ಮೆ ಮಿನುಗಿ ಆರಿಹೋಯಿತು.

"ಇವತ್ತ ಒಣಗಿಸಲಿಲ್ಲ ನೋಡ್ರಿ," ಎಂದು ದಿವಾನಜಿ ನನಗೆ ಬುದ್ಧಿ ಹೇಳಿದರು.

೫. ಜೈನಾಪುರದ ಡಿಸ್ಕು

"ಇನ್ನೊಂದು ಕಾಪಿ ಎಲ್ಲೈತ್ರಿ?"

"ಜೈನಾಪುರದಾಗ, ಮಗಳ ಮನ್ಯಾಗ."

"ತರಸ್ರಿ ಲಗೂನ."

ಸಾವ್ಕಾರ್ರು ನೆಲ ನೋಡತೊಡಗಿದರು. "ಮಗಳ ಮನಿಗೆ ಕೊಟ್ಟಿದ್ದು ತಿರುಗಿ ಕೇಳತಾರೇನ್ರಿ? ಬೀಗರು ಏನಂದಾರು?"

ವಾರಕ್ಕೊಮ್ಮೆ ಅದಲು ಬದಲು ಒಮ್ಮೆಯೂ ಆಗಿಲ್ಲ ಎಂಬುದು ಆಗ ಗೊತ್ತಾಯಿತು. ಗೇಟಿನಲ್ಲಿ ಗಾಡಿಗಳು ಐದಾಗಿದ್ದವು. ನಾನು ಕೂಗಾಡಿದ ಮೇಲೆ ಸಾವ್ಕಾರ್ರ ಮನೆಯವರು ಮಗಳಿಗೆ ಫೋನು ಮಾಡಿದರು, ಮಗಳು ಅತ್ತೆಯನ್ನು ಕೇಳಿದಳು, ಸಂಜೆಗೆ ಅಳಿಯನೇ ಬಂದರು. ಒಂದು ಡಬ್ಬಿ ಕರ್ಚಿಕಾಯಿ, ಅದರ ಮೇಲೆ ಡಿಸ್ಕು. ಹಚ್ಚಿ ನೋಡಿದರೆ ಅದರ ತುಂಬ ಒಂದೇ ಒಂದು ಮದುವೆ ವಿಡಿಯೋ.

"ತವರುಮನಿ ಡಬ್ಬಿ ಖಾಲಿ ಕಳಸಬಾರದು ಅಂದಳ್ರಿ ನಮ್ಮವ್ವ," ಎಂದರು ಅಳಿಯ. "ಅದಕ್ಕ ನಮ್ಮ ಮದುವಿ ವಿಡಿಯೋ ತುಂಬಿ ತಂದೇನಿ."

"ಒಳಗ ಇದ್ದಿದ್ದು?"

"ಏನೂ ಇರಲಿಲ್ರಿ. ಬರೇ ನಂಬರ್ ಇದ್ದು. ಅಳಿಸೇನಿ."

ಆ ಎರಡು ದಿನ ಸಾವ್ಕಾರ್ರು ಗೇಟಿನಲ್ಲಿ ನಿಂತು ಬಂದವರಿಗೆಲ್ಲ ಚಹಾ ಕುಡಿಸಿ ಕೈಮುಗಿದರು. ಒದ್ದೆಯಾದ ಡಿಸ್ಕನ್ನು ಅವರ ಮನೆಯವರು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಮೂರನೇ ದಿನ ಹೆದರುತ್ತಲೇ ಹಚ್ಚಿದೆ. ದೀಪ ಹತ್ತಿತು. ಒಂದು ನಂಬರೂ ಕಳೆದಿರಲಿಲ್ಲ. ಅಷ್ಟರಲ್ಲಿ ತರಿಸಿದ್ದ ಹೊಸ ಕಂಪ್ಯೂಟರಿಗೆ ಎಲ್ಲವನ್ನೂ ಇಳಿಸಿ, ಮಧ್ಯಾಹ್ನದೊಳಗೆ ಗಾಡಿಗಳನ್ನು ಕಳಿಸಿದೆವು. ಸಾವ್ಕಾರ್ರ ಕಣ್ಣಲ್ಲಿ ನೀರು ಬಂದಿತ್ತು.

ಇದೇ ಸಮಯ ಎಂದು ನಾನು ಎಲ್ಲರನ್ನೂ ಕೂರಿಸಿದೆ. ಅವರ ಕಣ್ಣ ಮುಂದೆಯೇ ಜೈನಾಪುರದ ಡಿಸ್ಕನ್ನು ಪೂರ್ತಿ ಒರೆಸಿ, ಎರಡನೇ ನಕಲು ಹೊಸದಾಗಿ ತುಂಬಿಸಿದೆ. ತುಂಬುವಷ್ಟು ಹೊತ್ತೂ ಭಾಷಣ ಬಿಗಿದೆ. ಒಂದೇ ಕಾಪಿ ಇದ್ದರೆ ಅದು ಇಲ್ಲದ ಹಾಗೆ. ಅಳಿಸುವ ಮೊದಲು ಇನ್ನೊಂದು ಎಲ್ಲಿದೆ ನೋಡಬೇಕು. ನೋಡದೆ ಅಳಿಸುವವನು ಶುದ್ಧ ದಡ್ಡ. ಕೊನೆಯ ಮಾತನ್ನು ಅಳಿಯನ ಕಡೆ ನೋಡಿಯೇ ಹೇಳಿದೆ. ಕರ್ಚಿಕಾಯಿ ತಂದಿದ್ದ ಡಬ್ಬಿ ಹಿಂದಕ್ಕೆ ಒಯ್ಯಲು ಬಂದಿದ್ದ ಅವರು ತಲೆಯಾಡಿಸುತ್ತ ಎಲ್ಲ ಕೇಳಿ, ಮುಗಿದ ಮೇಲೆ ವಿನಯದಿಂದ ಕೇಳಿದರು:

"ಸರ, ಮದುವಿ ವಿಡಿಯೋ ಇನ್ನ ಹೆಂಗ್ ನೋಡೂದ್ರಿ?"

"ನಿಮ್ಮ ಕಂಪ್ಯೂಟರ್‌ನಾಗ ನೋಡ್ರಿ."

"ಅಲ್ಲಿಂದ ತಗದೇನ್ರಿ. ಈ ಡಿಸ್ಕ್ ಭಾಳ ಭದ್ರ ಅಂತ ಮಾವಾರು ಹೇಳಿದ್ರು."

ದಿವಾನಜಿ ನಿಂಬೆಹಣ್ಣು ಹುಡುಕಲು ಎದ್ದರು. ಸಾವ್ಕಾರ್ರು ಮಾತ್ರ ಸಮಾಧಾನದಿಂದ ನನ್ನ ಮುಂದೆ ಚಹಾ ಸರಿಸಿ, ಅಳಿಯನ ಬೆನ್ನು ತಟ್ಟಿದರು.

"ಅಂಜಬ್ಯಾಡ್ರಿ ಅಳಿಯಂದ್ರ. ಸರ್ ನಮ್ಮಂಗಲ್ಲ, ನೋಡದ ಅಳಸಂಗಿಲ್ಲ ಅವರು," ಎಂದು ನನ್ನ ಕಡೆ ತಿರುಗಿದರು. "ಹೇಳ್ರಿ ಸರ, ಇನ್ನೊಂದು ಕಾಪಿ ಎಲ್ಲೈತ್ರಿ?"