ಸಾಹೇಬರ ಗಪ್ಪಿಯ ಸಂತಾನ

ನಾನು ಕೆಲಸಕ್ಕಿದ್ದ ಸರ್ಕಾರಿ ಮತ್ಸ್ಯಾಲಯದಲ್ಲಿ ಮೀನಿನ ಮನಸ್ಸು ಬಲ್ಲವನು ನಾನೊಬ್ಬನೇ. ಇದಕ್ಕೆ ಸಾಕ್ಷಿಯಾಗಿದ್ದವರೆಲ್ಲ ತೀರಿಕೊಂಡಿದ್ದಾರೆ, ಮೀನುಗಳೂ ಸೇರಿ. ನಾನಲ್ಲಿ ತೊಟ್ಟಿ ತೊಳೆಯುತ್ತಿದ್ದೆ. ಹಿಂದುಗಡೆ ಒಂದು ಕೋಣೆ ಕೊಟ್ಟಿದ್ದರು. ಹೆಂಡತಿ ಮಕ್ಕಳೆಲ್ಲ ಅದರಲ್ಲೇ.

ಮೊಟ್ಟೆಯಿಡದೆ ನೇರ ಮರಿ ಹಾಕುವ ಗಪ್ಪಿ ಮೀನಿನ ತೊಟ್ಟಿಗೆ ದೊಡ್ಡ ಸಾಹೇಬರು ತಮ್ಮ ಮನೆಯಿಂದ ಕಪ್ಪು ಬಾಲದ ಗಂಡೊಂದನ್ನು ತಂದು ಬಿಟ್ಟರು. ತಳಿಯ ಶಿಸ್ತಿನ ದೃಷ್ಟಿಯಿಂದ ಉಳಿದ ಗಂಡುಗಳನ್ನೆಲ್ಲ ಬೇರೆ ತೊಟ್ಟಿಗೆ ವರ್ಗ ಮಾಡಲಾಯಿತು. ಅವುಗಳಲ್ಲಿ ಕಿತ್ತಳೆ ಚುಕ್ಕಿಯ ಒಬ್ಬನಿದ್ದ. ಅವನು ಕುಣಿದರೆ ಹೆಣ್ಣುಗಳು ಮೇವು ಮರೆತು ನಿಲ್ಲುತ್ತಿದ್ದವು.

ಕಪ್ಪು ಬಾಲದವನಿಗೆ ಕುಣಿತ ಬಾರದು, ಬರೀ ಬೆನ್ನು ಹತ್ತುವುದು. ಅವನು ಅಟ್ಟಿದಷ್ಟೂ ಹೆಣ್ಣುಗಳು ವೇಗ ಕಲಿತವು. ಕೊನೆಗೆ ನೀರು ಸುಳಿಯೆದ್ದು ತೊಟ್ಟಿಯ ಮುಚ್ಚಳವೇ ಹಾರಿಹೋಯಿತು. ನಾನೇ ಹಿಡಿದೆ, ಒಂದೇ ಕೈಯಲ್ಲಿ.

ಮರಿಗಳು ಹುಟ್ಟಿದವು. ಹುಟ್ಟಿದ ದಿನವೇ ನೋಡಿದೆವು, ಎಲ್ಲಕ್ಕೂ ಕಿತ್ತಳೆ ಚುಕ್ಕಿ. ಸಾಹೇಬರು ನನ್ನನ್ನು ಕರೆಸಿದರು.

"ಆ ಚುಕ್ಕಿಯವನನ್ನ ಒಳಗೆ ಬಿಟ್ಟವನು ನೀನೇ ತಾನೆ? ಇವತ್ತೇ ಕೋಣೆ ಖಾಲಿ ಮಾಡು."

"ಬಿಟ್ಟಿಲ್ಲ ಸಾರ್. ಹೆಣ್ಣು ಮೀನು ತನಗೆ ಹಿಡಿಸಿದವನ ಬೀಜಾನ ತಿಂಗಳುಗಟ್ಟಲೆ ಹೊಟ್ಟೇಲಿ ಇಟ್ಕೊಂಡಿರುತ್ತೆ. ಬೇಕಾದಾಗ ಬಳಸುತ್ತೆ."

"ಯಾರ ಅನುಮತಿ ಪಡೆದು?"

ಕೋಣೆ ಖಾಲಿ ಮಾಡುವುದು ವಿಚಾರಣೆ ಮುಗಿಯುವವರೆಗೆ ಮುಂದೆ ಹೋಯಿತು. ಮೀನುಗಳ ಅನುಕೂಲಕ್ಕಾಗಿ ಅಕ್ಷರ ಒಳಮುಖವಾಗಿರುವಂತೆ ಗಾಜಿಗೆ ಪ್ರಕಟಣೆ ಅಂಟಿಸಿದರು: "ಹೆಣ್ಣು ಮೀನುಗಳು ತಮ್ಮಲ್ಲಿರುವ ಹಳೆಯ ದಾಸ್ತಾನನ್ನು ಈ ಕೂಡಲೇ ಕಚೇರಿಗೆ ಒಪ್ಪಿಸತಕ್ಕದ್ದು." ಮೀನುಗಳು ಪೂರ್ತಿ ಓದಿ, ಬಾಲ ತಿರುಗಿಸಿಕೊಂಡು ಹೋಗಿ, ಇನ್ನಷ್ಟು ಕಿತ್ತಳೆ ಮರಿ ಹಾಕಿದವು.

ಅಷ್ಟರಲ್ಲಿ ಮೇಲಿನವರು ತಪಾಸಣೆಗೆ ಬರುವ ಸುದ್ದಿ ಬಂತು. ಸಾಹೇಬರ ಬಡ್ತಿ ಮರಿಗಳು ಕಪ್ಪಾಗಿರುವುದರ ಮೇಲೆ ನಿಂತಿತ್ತು, ನನ್ನ ಕೋಣೆ ಸಾಹೇಬರ ಮೇಲೆ. ನಾನೇ ದಾರಿ ತೋರಿಸಿದೆ: ಮರಿಯ ಬಣ್ಣ ಬದಲಿಸುವುದು ಕಷ್ಟ, ಬಣ್ಣದ ಹೆಸರು ಬದಲಿಸಬಹುದು. ಸಂಜೆಯೊಳಗೆ ಆದೇಶವಾಯಿತು: ಈ ಕಚೇರಿಯ ಮಟ್ಟಿಗೆ ಕಿತ್ತಳೆಯನ್ನು ಕಪ್ಪೆಂದು ಪರಿಗಣಿಸತಕ್ಕದ್ದು.

ಮೇಲಿನವರು ಬಂದು, ಬಗ್ಗಿ ನೋಡಿ, ಒಳ್ಳೇ ಕಪ್ಪು ಎಂದರು. ಗುಮಾಸ್ತರು ಅವರಿಗೆ ಕಪ್ಪು ಹಣ್ಣಿನ ಸಿಪ್ಪೆ ಸುಲಿದು ತೊಳೆ ತೊಳೆಯಾಗಿ ಕೊಟ್ಟರು. ಸಾಹೇಬರಿಗೆ ಬಡ್ತಿಯಾಯಿತು. ಕೋಣೆ ನನಗೇ ಉಳಿಯಿತು.

ಇಷ್ಟು ಹೇಳುವಷ್ಟರಲ್ಲಿ, ಬಾಟಲಿಯಲ್ಲಿ ಗಪ್ಪಿ ಸಾಕಿರುವ ನನ್ನ ಮೊಮ್ಮಗಳು ತಲೆಯೆತ್ತಿದಳು. "ತಾತ, ಹುಟ್ಟಿದ ಮರಿಗೆ ಬಣ್ಣಾನೇ ಇರಲ್ಲ. ಬರೋಕೆ ಎಷ್ಟೋ ವಾರ ಬೇಕು, ಅದೂ ಗಂಡಿಗೆ ಮಾತ್ರ. ಹುಟ್ಟಿದ ದಿನವೇ ನಿಂಗೆ ಚುಕ್ಕಿ ಹೇಗೆ ಕಾಣಿಸ್ತು?"

ನಾನು ಭುಜ ಹಾರಿಸಿದೆ.

"ಸಾಹೇಬರಿಗೆ ಕಂಡಿತ್ತಲ್ಲಮ್ಮ. ಆಮೇಲೆ ನನಗೆ ಕಾಣದೆ ಇರೋಕಾಗುತ್ತಾ?"