ಬರ್ಕೊಳ್ಳಿ ಅಂದ ಬಾಯಿ

ಆಗ ನನಗೆ ಅರವತ್ತೆಂಟು. ಈಗ್ಗೆ ಎರಡು ವರ್ಷದ ಹಿಂದಿನ ಮಾತು. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಆದರೂ ಗುಬ್ಬಿಯ ನಮ್ಮ ಚರ್ಚಿನ ಹೆಂಗಸರ ಕೂಟದಲ್ಲಿ ಆ ಗುರುವಾರ ನನ್ನನ್ನೇ ಮಾತಾಡಲು ನಿಲ್ಲಿಸಿದರು. ವಿಷಯ, ಕೈ ಬರಿದಾದಾಗ ವಿಶ್ವಾಸಿಗಳು ಸಾಲವನ್ನು ಹೇಗೆ ಬಳಸಬೇಕು ಅಂತ. ಸಾಲದಲ್ಲಿ ನನ್ನಷ್ಟು ಅನುಭವ ಇರುವವರು ಬೇರೆ ಸಿಕ್ಕಿರಲಿಲ್ಲ ಎಂದು ಕಾಣುತ್ತದೆ.

ಮರೆಯಬಾರದೆಂದು ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಮೇಲೆ ನಾಲ್ಕು ಮಾತು ಬರೆದುಕೊಂಡು ಹೋಗಿದ್ದೆ.

“ಸಹೋದರಿಯರೇ, ಅಕ್ಕಿಗೆ, ಔಷಧಿಗೆ ಸಾಲ ಮಾಡಿ. ದೇವರೇನೂ ಕೋಪ ಮಾಡ್ಕೊಳ್ಳಲ್ಲ. ತೀರಿಸೋ ದಾರಿ ಕಾಣದೆ ಮಾಡ್ಬೇಡಿ. ಗಂಡನಿಗೆ ತಿಳೀದಂಗೆ ಮಾಡ್ಬೇಡಿ. ಇನ್ನೊಬ್ಬಳನ್ನ ನೋಡಿ ಹೊಟ್ಟೆ ಉರ್ಕೊಂಡಂತೂ ಮಾಡ್ಲೇಬೇಡಿ. ‘ಬರ್ಕೊಳ್ಳಿ’ ಅನ್ನೋದು ಒಂದ್ ಸಲ ರೂಢಿ ಆಯ್ತು ಅಂದ್ರೆ ಆ ಬಾಯಿ ಕೆಟ್ಟೋಯ್ತು ಅಂತ ತಿಳ್ಕೊಳ್ಳಿ.”

ಎಲ್ಲರೂ ಆಮೆನ್ ಅಂದರು. ನಾನು ಎಲ್ಲರಿಗಿಂತ ಜೋರಾಗಿ ಅಂದೆ.

ನಮ್ಮ ಮನೆಯ ಸ್ಥಿತಿ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಸ್ಕೂಲ್ ವ್ಯಾನ್ ಓಡಿಸುತ್ತಿದ್ದರು. ಕಣ್ಣಿಗೆ ಪೊರೆ ಬಂತು, ಕೆಲಸ ಹೋಯಿತು. ಉಳಿದದ್ದು ನನ್ನ ಐದು ನಾಟಿ ಕೋಳಿ. ಅದರಲ್ಲಿ ನಾಲ್ಕು ಕೋಳಿ ಮೊಟ್ಟೆ ಇಡುವುದನ್ನೇ ನಿಲ್ಲಿಸಿದ್ದವು. ದುಡಿಯುತ್ತಿದ್ದವಳು ಕೆಂಚಿ ಒಬ್ಬಳೇ. ಅಂಗಡಿ ಶೆಟ್ಟರ ಪುಸ್ತಕದಲ್ಲಿ ನಮ್ಮ ಹೆಸರಿಗೆ ಸಾವಿರದ ಎಂಟುನೂರು ಏರಿತ್ತು. “ಸೋಮವಾರದೊಳಗೆ ಚುಕ್ತಾ ಮಾಡಿದ್ರೆ ಮತ್ತೆ ಅಕ್ಕಿ ಕೊಡ್ತೀನಮ್ಮ, ಇಲ್ದಿದ್ರೆ ಇಲ್ಲ” ಎಂದಿದ್ದರು. ಅಷ್ಟನ್ನೂ ಕೂಡಿಸಿ ಕರ್ಚೀಫಿನಲ್ಲಿ ಗಂಟು ಹಾಕಿ ಬೈಬಲ್ ಚೀಲದಲ್ಲಿ ಇಟ್ಟಿದ್ದೆ.

ಭಾನುವಾರ ಸುಗ್ಗಿ ಹಬ್ಬ. ಅವತ್ತು ಬೆಳೆದದ್ದು, ಸಾಕಿದ್ದು ಏನಾದರೊಂದನ್ನು ಕಾಣಿಕೆಯಾಗಿ ಚರ್ಚಿಗೆ ತರುತ್ತೇವೆ. ಆರಾಧನೆ ಮುಗಿದ ಮೇಲೆ ಕಾಂಪೌಂಡಿನಲ್ಲಿ ಅದನ್ನೆಲ್ಲ ಹರಾಜು ಹಾಕುತ್ತಾರೆ. ದೇವರ ಕೆಲಸಕ್ಕೆ ಹೋಗುವ ದುಡ್ಡು ಅಂತ ಒಂದು ನಿಂಬೆಹಣ್ಣು ನೂರು ರೂಪಾಯಿ ಮುಟ್ಟುವುದೂ ಉಂಟು. ಕೈಯಲ್ಲಿ ದುಡ್ಡಿಲ್ಲದವರು ‘ಬರ್ಕೊಳ್ಳಿ’ ಅಂದರೆ ಸಾಕು, ಕ್ರಿಸ್‌ಮಸ್‌ವರೆಗೆ ವಾಯಿದೆ.

ಎರಡು ತೆಂಗಿನಕಾಯಿ ಹಿಡಿದು ನೆಮ್ಮದಿಯಾಗಿ ಗೇಟಿನ ಹತ್ತಿರ ಹೋದೆ. ಅಲ್ಲಿ ಕಾರಿನಿಂದ ಇಳಿದಳು ದಯಾಮಣಿ.

ದಯಾಮಣಿ ನನ್ನ ಓರಗಿತ್ತಿ, ಮೈದುನನ ಹೆಂಡತಿ. ತುಮಕೂರಿನಲ್ಲಿ ಮನೆ. ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನ ಎರಡರಷ್ಟು ದಪ್ಪ, ಅದೂ ತುಪ್ಪದ ದಪ್ಪ. ಅವಳ ಕೈಯಲ್ಲಿ ಸೇಬು, ದ್ರಾಕ್ಷಿ, ಗೋಡಂಬಿ ತುಂಬಿ ಮೇಲೆ ಸರಸರ ಅನ್ನುವ ಪ್ಲಾಸ್ಟಿಕ್ ಸುತ್ತಿದ ಬುಟ್ಟಿ. ನೆರೆಯವರ ಮನೆ, ಎತ್ತು, ಕತ್ತೆ, ಯಾವುದಕ್ಕೂ ಆಸೆಪಡಬಾರದು ಅಂತ ಆಜ್ಞೆ ಇದೆ. ಓರಗಿತ್ತಿಯ ಬುಟ್ಟಿ ಅಂತ ಎಲ್ಲೂ ಬಿಡಿಸಿ ಬರೆದಿಲ್ಲ. ಅಲ್ಲೇ ನಾನು ಜಾರಿದ್ದು.

“ಅಕ್ಕ, ಕಾಯಿ ಚೆನ್ನಾಗವೆ” ಎಂದಳು. “ಚಿಕ್ಕವಾದ್ರೂ ಚೆನ್ನಾಗವೆ.”

ನಾನು ತಿರುಗಿ ಮನೆಗೆ ಓಡಿದೆ. ಮಂಡಿ ನೋವು ಎಂದು ಆ ವಾರವೆಲ್ಲ ನರಳುತ್ತಿದ್ದವಳು ಓಡಿಯೇ ಓಡಿದೆ. ಕೆಂಚಿಯ ಕಾಲು ಕಟ್ಟಿ ತಂದು, ಕಾಣಿಕೆ ಮೇಜಿನ ಮೇಲೆ ಆ ಬುಟ್ಟಿಗಿಂತ ಒಂದು ಗೇಣು ಮುಂದೆ ಇಟ್ಟೆ. ಆರಾಧನೆ ಉದ್ದಕ್ಕೂ ಕೆಂಚಿ ಕೂಗಿಕೊಂಡಳು. ನನಗೆ ಅದೇ ಗಾಯನದಂತೆ ಕೇಳಿಸಿತು.

ಹರಾಜು ಕೂಗಲು ಕುಣಿಗಲ್ಲಿನಿಂದ ಸ್ಯಾಮಣ್ಣ ಎನ್ನುವವರು ಬಂದಿದ್ದರು. ದೊಡ್ಡ ಗಂಟಲು, ಊರಿಗೆ ಹೊಸಬರು. ಹೆಂಗಸರಿಗೊಂದು ಶಾಮಿಯಾನ, ಗಂಡಸರಿಗೊಂದು. ನಡುವೆ ಕುಂಬಳಕಾಯಿ, ಬಾಳೆಗೊನೆ, ಕಬ್ಬಿನ ರಾಶಿ. ಆ ಕಡೆಯವರ ಮುಖ ಈ ಕಡೆಗೆ ಕಾಣುತ್ತಿರಲಿಲ್ಲ. ಕೈ ಎತ್ತಿದರೆ ಸ್ಯಾಮಣ್ಣ ಮೈಕಿನಲ್ಲಿ ರೇಟು ಕೂಗುತ್ತಿದ್ದರು.

ಕೆಂಚಿಯ ಸರದಿ ಬಂತು.

“ಮುನ್ನೂರು” ಎಂದಳು ದಯಾಮಣಿ, ಎಲ್ಲರಿಗೂ ಕೇಳುವ ಹಾಗೆ. “ಸಾರಿಗೆ ಚೆನ್ನಾಗಿರ್ತದೆ.”

ಸಾರಿಗಂತೆ. ನನ್ನ ಮನೆಯ ಸಂಬಳದವಳು ಇವಳ ಮನೆಯ ಸಾರಿಗೆ! ಕೈಯಲ್ಲಿದ್ದ ಛತ್ರಿ ಎತ್ತಿದೆ. ಅವಳು ಕೈ ಎತ್ತಿದಳು. ಐನೂರಕ್ಕೆ ಬಂದಾಗ ಅವಳು ಕೈ ಇಳಿಸಿ ಬೀಸಣಿಗೆ ತೆಗೆದುಕೊಂಡಳು. ಗೆದ್ದೆ ಅಂದುಕೊಂಡೆ.

“ಗಂಡಸರ ಕಡೆ ಆರುನೂರು” ಎಂದರು ಸ್ಯಾಮಣ್ಣ.

ಇನ್ಯಾರು, ನನ್ನ ಮೈದುನನೇ ಇರಬೇಕು. ಇವಳು ಬೀಸಣಿಗೆ ಬೀಸಿಕೊಂಡು ಗಂಡನ ಕೈಯಲ್ಲಿ ಕೂಗಿಸುತ್ತಿದ್ದಾಳೆ. ನಾನು ಛತ್ರಿ ಇಳಿಸಲೇ ಇಲ್ಲ.

“ಹೆಂಗಸರ ಕಡೆ ಏಳುನೂರು. ಗಂಡಸರ ಕಡೆ ಎಂಟುನೂರು. ಹೆಂಗಸರ ಕಡೆ ಒಂಬೈನೂರು.”

ಪಕ್ಕದ ಮನೆ ಸುಶೀಲ ನನ್ನ ಸೆರಗು ಜಗ್ಗಿದಳು. “ಮಾರ್ತಕ್ಕ, ಗುರುವಾರ ಏನೋ ಹೇಳ್ತಿದ್ರಿ?”

“ಗುರುವಾರದ್ದು ಗುರುವಾರ. ಸುಮ್ನಿರೇ.”

ಸಾವಿರ ದಾಟಿತು. ಸಾವಿರದ ಐನೂರು ದಾಟಿತು. ನೆರೆದಿದ್ದವರೆಲ್ಲ ಎದ್ದು ನಿಂತಿದ್ದರು. ಸಾವಿರದ ಎಂಟುನೂರು ಎಂದು ಆ ಕಡೆ ಕೂಗಾಯಿತು. ಸಾವಿರದ ಎಂಟುನೂರ ಐವತ್ತಕ್ಕೆ ನಾನು ಛತ್ರಿಯನ್ನು ಬಿಚ್ಚಿಯೇ ಹಿಡಿದೆ. ಆ ಕಡೆ ಸದ್ದಿಲ್ಲ.

“ಒಂದ್ ಸಾರಿ, ಎರಡ್ ಸಾರಿ, ಮೂರ್ ಸಾರಿ. ದುಡ್ಡು ಈಗ್ಲೇ ಕೊಡ್ತೀರಾ ಅಮ್ಮೋರೆ?”

“ಬರ್ಕೊಳ್ಳಿ” ಎಂದಿತು ನನ್ನ ಬಾಯಿ.

ಆಗ ಕುಂಬಳಕಾಯಿ ರಾಶಿ ಸುತ್ತಿಕೊಂಡು ಒಬ್ಬ ಮುದುಕ ತಡಕಾಡುತ್ತಾ ಬಂದ. ಕೈ ಮುಗಿದು ನನ್ನ ಮುಂದೆ ನಿಂತ.

“ದಯಾಮಣಿ, ನೀನೇ ಗೆದ್ದೆ ಬುಡವ್ವ. ಆದ್ರೆ ಅದನ್ನ ಕುಯ್ಬೇಡ ತಾಯಿ. ದನಿ ಕೇಳ್ದೆ, ಅದು ನಮ್ಮ ಕೆಂಚಿ. ನಮ್ಮನೆಯೋಳು ತಲೆ ಕೆಟ್ಟು ತಂದಿಟ್ಟವ್ಳೆ. ಬಿಡಿಸ್ಕೊಳ್ಳೋಣ ಅಂತ ಕೂಗ್ದೆ, ಆಗ್ಲಿಲ್ಲ.”

ನಮ್ಮ ಯಜಮಾನರು.

“ನಾನು ಕಣ್ರೀ” ಎಂದೆ.

ಅವರು ಬಗ್ಗಿ ನನ್ನ ಮುಖ ನೋಡಿದರು. “ನೀನಾ? ಮತ್ತೆ ನಾನು ಯಾರ್ ಮೇಲೆ ಕೂಗ್ದೆ?”

ನಗುವಿನಲ್ಲಿ ಶಾಮಿಯಾನದ ಒಂದು ಗೂಟ ಕಿತ್ತುಬಂತು ಅಂತ ಆಮೇಲೆ ಹೇಳಿದರು. ನಾನು ನೋಡಲಿಲ್ಲ. ನೆಲ ನೋಡುತ್ತಿದ್ದೆ.

ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರು ಒಳ್ಳೆಯವರು. ಹತ್ತಿರ ಬಂದು ಮೆಲ್ಲಗೆ, “ಅಮ್ಮ, ಕಷ್ಟದಲ್ಲಿದೀರಿ. ಬರೆದಿದ್ದನ್ನ ಹೊಡೆದುಹಾಕ್ಲಾ?” ಎಂದು ಕೇಳಿದರು. ಹೂಂ ಅನ್ನುವವಳೇ ಇದ್ದೆ. ಅಷ್ಟರಲ್ಲಿ ದಯಾಮಣಿ ಬಂದು, “ಅಕ್ಕ, ನಾನು ಕಟ್ಲಾ?” ಎಂದಳು.

“ಏನೂ ಬ್ಯಾಡ. ಕ್ರಿಸ್‌ಮಸ್‌ಗೆ ನಾನೇ ಕಟ್ತೀನಿ” ಎಂದೆ, ಇಬ್ಬರಿಗೂ ಸೇರಿಸಿ.

“ಹಂಗಾದ್ರೆ ಮೊಮ್ಮಗೀಗೆ ನಾಟಿ ಮೊಟ್ಟೆ ಆದ್ರೂ ತಂದ್ಕೊಡು. ತುಮಕೂರಲ್ಲಿ ಸಿಗಲ್ಲ. ಅಂಗಡಿಗಿಂತ ಎರಡು ರೂಪಾಯಿ ಜಾಸ್ತಿನೇ ಕೊಡ್ತೀನಿ.”

ನನ್ನ ಕೋಳಿಯ ಮೊಟ್ಟೆ ಇವಳ ಮನೆಗೆ, ಸತ್ತರೂ ಇಲ್ಲ ಅಂದುಕೊಂಡೆ. ಯಜಮಾನರು ಕೆಂಚಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆವರೆಗೆ ನಡೆದರು. ಮನೆ ಬಾಗಿಲಲ್ಲಿ ಒಂದೇ ಮಾತು ಕೇಳಿದರು. “ಗುರುವಾರ ಹೇಳಿದ್ಯಲ್ಲ, ಗಂಡನಿಗೆ ತಿಳೀದಂಗೆ ಸಾಲ ಮಾಡ್ಬೇಡಿ ಅಂತ. ಇದು ನಂಗೆ ತಿಳ್ದಂಗೋ ತಿಳೀದಂಗೋ?”

“ಮೈಕಲ್ಲಿ ಕೂಗಿಸಿ ಮಾಡಿದೀನಲ್ಲ, ಇನ್ನೇನ್ ತಿಳೀಬೇಕು?” ಎಂದೆ.

ಮಾರನೇ ದಿನ ಬೆಳಿಗ್ಗೆ ಕೆಂಚಿ ಏನೂ ಆಗದವಳಂತೆ ಮೊಟ್ಟೆ ಇಟ್ಟಳು. ನಾನು ಗಂಟು ಬಿಚ್ಚಿ ಮೊದಲು ಶೆಟ್ಟರ ಬಾಕಿ ತೀರಿಸಿದೆ. ತಿಂದ ಅಕ್ಕಿಯ ಸಾಲ ಮೊದಲು, ಉರಿದ ಹೊಟ್ಟೆಯ ಸಾಲ ಆಮೇಲೆ. ಆ ಮೊಟ್ಟೆಯನ್ನು ಕೂಡಿಟ್ಟಿದ್ದ ಆರರ ಜೊತೆ ಸೇರಿಸಿ ಹೊಟ್ಟಿನ ಡಬ್ಬಿಯಲ್ಲಿಟ್ಟು ಬಸ್ಸು ಹತ್ತಿದೆ. ಹೆಂಗಸರಿಗೆ ಫ್ರೀ ಇದ್ದದ್ದಕ್ಕೆ ಸರಿಹೋಯಿತು. ತುಮಕೂರಿನಲ್ಲಿ ಇಳಿದು ದಯಾಮಣಿಯ ಮನೆ ಬೆಲ್ಲು ಒತ್ತಿದೆ. ಅವಳು ಏಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಒಳಗಿಟ್ಟಳು.

“ಚಿಲ್ಲರೆ ಇಲ್ಲ ಕಣಕ್ಕ. ತಿಂಗಳ ಕೊನೇಲಿ ಒಟ್ಟಿಗೆ ಕೊಡ್ತೀನಿ” ಎಂದಳು. “ಬರ್ಕೊ.”

ಚೀಲದಲ್ಲಿ ಗುರುವಾರದ ಕ್ಯಾಲೆಂಡರ್ ಹಾಳೆ ಇತ್ತು. ಅದನ್ನು ತಿರುಗಿಸಿ, ಅವಳ ಹತ್ತಿರವೇ ಪೆನ್ನು ಕಡ ಇಸಿದುಕೊಂಡು, ಬರ್ಕೊಂಡೆ.