ನನ್ನನ್ನು ಹಿಡಿಯದೇ ಬಿಟ್ಟ ಪೆಲಟಾನಿಗೆ

ಮಾನ್ಯ ಪೆಲಟಾನ್ ಅವರಿಗೆ, ಅಂದರೆ ಕಳೆದ ಭಾನುವಾರ ಮೂಡಿಗೆರೆಯಿಂದ ಕಳಸದವರೆಗಿನ ಅಂತರ ಕಾಲೇಜು ಸೈಕಲ್ ರೇಸಿನಲ್ಲಿ ಒಬ್ಬರ ಬೆನ್ನಿಗೊಬ್ಬರು ಗಾಳಿಗೆ ಮರೆಯಾಗಿ ಒಂದೇ ಹಿಂಡಾಗಿ ಬಂದ ನಲವತ್ತೆರಡು ಮಂದಿ ಸವಾರರಿಗೆ, ಮೊದಲ ವರ್ಷದ ಬಿ.ಎಸ್ಸಿ.ಯ ಉಮೇಶನು ಹ್ಯಾಂಡಲಿನಿಂದ ಎರಡೂ ಕೈ ತೆಗೆದು ಮಾಡುವ ನಮಸ್ಕಾರಗಳು.

ಮಾನ್ಯರೇ, ಹಾಸ್ಟೆಲಿನಲ್ಲಿ ಫೋನು ಹಿಡಿದು ಯುರೋಪಿನ ಪ್ರೊಫೆಷನಲ್ ರೇಸುಗಳನ್ನು ನೋಡಿ ನೋಡಿ ನಾನು ತಮ್ಮ ಮೇಲೆ ಅಪಾರ ನಂಬಿಕೆ ಇಟ್ಟುಕೊಂಡಿದ್ದೆ. ಅಲ್ಲಿ ಯಾವನಾದರೂ ಬಡಪಾಯಿ ಬ್ರೇಕ್‌ಅವೇ ಎಂದು ಒಂಟಿಯಾಗಿ ಮುಂದೆ ಓಡಿದರೆ, ಪೆಲಟಾನ್ ಸಾವಕಾಶವಾಗಿ ಹಿಂದೆ ಬಂದು, ಗೆಲುವಿನ ಗೆರೆಗೆ ಇನ್ನೆರಡು ಕಿಲೋಮೀಟರ್ ಇರುವಾಗ ಅವನನ್ನು ನುಂಗಿಬಿಡುತ್ತದೆ. ನಮ್ಮ ಪ್ಲ್ಯಾನ್ ನಿಂತಿದ್ದೇ ಈ ಸತ್ಸಂಪ್ರದಾಯದ ಮೇಲೆ: ಬಣಕಲ್ ದಾಟಿದ ಕೂಡಲೇ ನಾನು ಓಡುವುದು, ಬೇರೆ ಕಾಲೇಜಿನವರು ನನ್ನನ್ನು ಅಟ್ಟಿಸಿಕೊಂಡು ಬಂದು ಸುಸ್ತಾಗುವುದು, ಅಲ್ಲಿಯವರೆಗೆ ತಮ್ಮ ನಡುವೆ ಆರಾಮಾಗಿ ಕೂತಿದ್ದ ನಮ್ಮ ಕ್ಯಾಪ್ಟನ್ ಶಶಿಕಿರಣಣ್ಣ ಕೊನೆಗೆ ಎದ್ದು ಗೆಲ್ಲುವುದು. ಗೆದ್ದವರಿಗೆ ಮೈಸೂರಿನಲ್ಲಿ ಪ್ರೊಫೆಷನಲ್ ಟೀಮಿನ ಟ್ರಯಲ್. ಫೈನಲ್ ಇಯರಿನ ಅವರಿಗೆ ಇದೇ ಕೊನೆಯ ಅವಕಾಶ.

ಆದರೆ ತಾವು ಎಂಥ ದಯಾಮಯರು. ನನ್ನ ಕಾಲು ನೋಡಿ, "ಹೋಗ್ಲಿ ಬಿಡಿ ಮಾರಾಯ್ರೆ, ಹತ್ತು ನಿಮಿಷಕ್ಕೆ ತಾನೇ ಬೀಳ್ತದೆ ಅದು" ಎಂದು ತಮ್ಮಲ್ಲೊಬ್ಬರು ಅಪ್ಪಣೆ ಕೊಡಿಸಿದರಂತೆ, ಉಳಿದವರು ನಕ್ಕರಂತೆ. ಸ್ವಂತ ಟೀಮಿನವನನ್ನು ತಾನೇ ಅಟ್ಟಬಾರದೆಂಬ ಮರ್ಯಾದೆಗೆ ಕಟ್ಟುಬಿದ್ದು ಶಶಿಕಿರಣಣ್ಣ ಹಲ್ಲು ಕಚ್ಚಿಕೊಂಡು ಕೂತರು.

ಇದಕ್ಕೂ ನಮ್ಮ ಕೋಚ್ ಬಸವರಾಜಪ್ಪ ಸರ್ ಉಪಾಯ ಇಟ್ಟಿದ್ದರು. ದೊಡ್ಡ ಟೀಮುಗಳಿಗೆ ಕಿವಿಯಲ್ಲಿ ರೇಡಿಯೊ, ನಮಗೆ ಸೀಟಿ. ಯಾರೂ ಬೆನ್ನು ಹತ್ತದಿದ್ದರೆ ಜೀಪಿನಿಂದ ಒಂದು ಉದ್ದ ಸೀಟಿ ಊದುತ್ತೇನೆ, ನೀನು ನಿಧಾನಿಸು ಎಂದಿದ್ದರು. ಕೊಟ್ಟಿಗೆಹಾರ ಕಳೆದ ಮೇಲೆ ಊದಿದರು ಕೂಡ. ಮಾನ್ಯರೇ, ನಾನು ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಹುಟ್ಟಿದವನು, ಅಲ್ಲಿ ಊಟಕ್ಕೆ ಬಿಡುವುದೇ ಉದ್ದ ಸೀಟಿ ಊದಿ. ಉದ್ದ ಸೀಟಿ ಎಂದರೆ ನನಗೆ ಊಟದ ಬುತ್ತಿ, ಬೇರೇನೂ ಹೊಳೆಯುವುದಿಲ್ಲ. ಸಾಲದ್ದಕ್ಕೆ, ರಸ್ತೆ ಪಕ್ಕದ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದ ಹೆಂಗಸರೆಲ್ಲ ಆ ಸೀಟಿಗೇ ಚೀಲ ಇಳಿಸಿ ಬುತ್ತಿ ಬಿಚ್ಚಿದರು. ಇಷ್ಟು ಸಾಕ್ಷಿ ಕಣ್ಣೆದುರು ಇರುವಾಗ ಸಂಶಯಪಡಲು ನಾನು ಯಾರು? ಹಸಿವು ಕೆರಳಿ ಇನ್ನೂ ಜೋರಾಗಿ ತುಳಿದೆ. ಆಮೇಲೆ ತಿಳಿದಂತೆ, ಇನ್ನೂ ಹತ್ತೂವರೆ ಎಂದು ಆ ತೋಟದ ಮೇಸ್ತ್ರಿ ತಮ್ಮಯ್ಯನವರು ಕೂಗಾಡಿದ್ದಕ್ಕೆ ದ್ಯಾವಮ್ಮ ಎಂಬವರು ಕೂತಲ್ಲಿಂದಲೇ, "ಸೀಟಿ ಆಯ್ತಲ್ಲ ಮೇಸ್ತ್ರಿ, ಕಲಸಿದ ಅನ್ನ ವಾಪಸ್ ಮುಚ್ಚಿಡೋಕಾಗ್ತದಾ?" ಎಂದರಂತೆ.

ಗೆದ್ದುಬಿಟ್ಟೆ. ಹನ್ನೊಂದು ನಿಮಿಷ ಮೊದಲು. ಕಳಸದಲ್ಲಿ ಬ್ಯಾನರ್ ಕಟ್ಟುವವರು ಇನ್ನೂ ಏಣಿ ಮೇಲಿದ್ದರು. ಹಿಂಡಿಗೆಲ್ಲ ಮೊದಲಿಗರಾಗಿ, ಅಂದರೆ ನನಗೆ ಎರಡನೆಯವರಾಗಿ ಬಂದ ಶಶಿಕಿರಣಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು, "ಬ್ರೇಕ್ ಅಂತ ಒಂದು ಐಟಂ ಇರ್ತದೆ ಸೈಕಲಲ್ಲಿ, ನೋಡಿದ್ದೀಯಾ?" ಎಂದಷ್ಟೇ ಕೇಳಿ ಅತ್ತ ತಿರುಗಿದರು. ಅಂದಿನಿಂದ ಮೆಸ್ಸಿನಲ್ಲಿ ಅವರ ಕಣ್ಣು ತಪ್ಪಿಸಿ ಕಂಬದ ಮರೆಯಲ್ಲಿ ಇಡ್ಲಿ ತಿನ್ನುತ್ತಿದ್ದೇನೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಕಳೆದ ಭಾನುವಾರಕ್ಕೆ ವಾಪಸ್ ಹೋಗಿ, ಕಳಸಕ್ಕೆ ಎರಡು ಕಿಲೋಮೀಟರ್ ಮೊದಲು ನನ್ನನ್ನು ಕ್ರಮಪ್ರಕಾರ ನುಂಗಿ, ನುಂಗಿದ್ದಕ್ಕೊಂದು ಸರ್ಟಿಫಿಕೇಟನ್ನೂ ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇನೆ.

ಎಷ್ಟು ಓಡಿದರೂ ತಾವು ಬೆನ್ನು ಹತ್ತದ,
ತಮ್ಮ ವಿಶ್ವಾಸಿ
ಉಮೇಶ್

ವಿ.ಸೂ.: ಮೈಸೂರಿನ ಟ್ರಯಲ್ಲೂ ಒಂದು ರೇಸೇ ಅಂತೆ, ಮೊದಲು ಬಂದವನು ಟೀಮಿಗೆ. ನಾನು ಜೊತೆಗೆ ರೇಸಿಗಿಳಿಯಲು ಒಬ್ಬ ಸಹಾಯಕ ಸವಾರನನ್ನು ಕರೆತರಬಹುದೆಂದರು. ಶಶಿಕಿರಣಣ್ಣನ ಹೆಸರು ಕೊಟ್ಟಿದ್ದೇನೆ. ಅಲ್ಲಿಗೆ ಬರುವ ತಮ್ಮ ಬಂಧುಗಳಿಗೆ ಮೊದಲೇ ತಿಳಿಸಿಬಿಡಿ: ಅಣ್ಣ ಮೊದಲ ಏರಿನಲ್ಲೇ ಓಡುತ್ತಾರೆ, ಆಗ ಹಿಂಡಿನ ತೀರ ಮುಂದೆ, ರಸ್ತೆಯ ನಟ್ಟನಡುವೆ, ಬಹಳ ವಿನಯದಿಂದ, ಬಹಳ ನಿಧಾನವಾಗಿ ತುಳಿಯುತ್ತಿರುವವನು ನಾನು. ದಾರಿ ಬೇಕಾದವರು ಲಿಖಿತ ಅರ್ಜಿ ಕೊಡಲಿ, ಪರಿಶೀಲಿಸುತ್ತೇನೆ.